ಊಟದ ಮೇಜಿನ ಮೇಲೆ ಕುದಿಯುವ ಪಾತ್ರೆ: ಯಾವ ಹಾಟ್ ಪಾಟ್ ಕೊಳ್ಳಬೇಕು?

ನಮ್ಮೂರ ಪಾತ್ರೆ ಅಂಗಡಿಯಲ್ಲಿ ‘ಹಾಟ್ ಪಾಟ್ ಇದೆಯಾ’ ಎಂದು ಕೇಳಿದರೆ ಚಪಾತಿ ಬಿಸಿಯಾಗಿಡುವ ಡಬ್ಬ ತಂದು ಮುಂದಿಡುತ್ತಾರೆ. ಅವರ ತಪ್ಪಲ್ಲ ಬಿಡಿ. ನಮ್ಮಲ್ಲಿ ಆ ಹೆಸರು ಯಾವತ್ತೋ ಆ ಡಬ್ಬಕ್ಕೆ ಹೋಗಿಬಿಟ್ಟಿದೆ. ನಾನು ಹೇಳಹೊರಟಿರುವುದು ಬೇರೆ. ಮೇಜಿನ ನಡುವೆ ಒಂದು ಅಗಲದ ಪಾತ್ರೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಸುತ್ತ ಕೂತವರು ಹಸಿ ಸೊಪ್ಪು, ಅಣಬೆ, ತೋಫು, ತೆಳ್ಳಗೆ ಹೆಚ್ಚಿದ ಮಾಂಸ, ಶಾವಿಗೆ ಹೀಗೆ ಬೇಕಾದ್ದನ್ನು ಅದಕ್ಕೆ ಹಾಕುತ್ತಾರೆ, ಬೆಂದಷ್ಟನ್ನು ತೆಗೆದುಕೊಂಡು ತಿನ್ನುತ್ತಾರೆ. ಅಡುಗೆ, ಊಟ, ಹರಟೆ ಮೂರೂ ಒಟ್ಟಿಗೆ ನಡೆಯುತ್ತವೆ. ಯಾರೊಬ್ಬರೂ ಅಡುಗೆಮನೆಯಲ್ಲಿ ಒಂಟಿಯಾಗಿ ಬೇಯಬೇಕಾಗಿಲ್ಲ. ನನಗೆ ಇದರಲ್ಲಿ ಇಷ್ಟವಾಗಿದ್ದೇ ಅದು.

ಚೀನಾದಲ್ಲಿ ಇದರ ಹೆಸರು ಹುವೋಗುವೋ, ಅಂದರೆ ಬೆಂಕಿಯ ಪಾತ್ರೆ. ಜಪಾನಿನಲ್ಲಿ ನಾಬೆ. ಸಿಂಗಪುರ, ಮಲೇಷ್ಯಾದಲ್ಲಿ ಸ್ಟೀಮ್‌ಬೋಟ್. ಬೀಜಿಂಗಿನ ಹಳೇ ಪಾತ್ರೆ ತಾಮ್ರದ್ದು. ನಡುವೆ ಚಿಮಣಿ, ಅದರೊಳಗೆ ಇದ್ದಿಲು, ಸುತ್ತ ತಿಳಿನೀರು, ಅದರಲ್ಲಿ ಕುರಿಮಾಂಸದ ತೆಳು ಹಾಳೆಗಳು. ಟಿಬೆಟಿನವರ ಗ್ಯಾಕೊ ಕೂಡ ಇಂಥದ್ದೇ ಚಿಮಣಿ ಪಾತ್ರೆ. ನೈಋತ್ಯ ಚೀನಾದ ಚೊಂಗ್‌ಚಿಂಗ್‌ನಲ್ಲಿ ದನದ ಕೊಬ್ಬು, ಒಣಮೆಣಸು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಹಾಕಿದ ಕೆಂಪು ಸಾರು. ಇದ್ದಿಲು ಹೋಗಿ ಗ್ಯಾಸ್ ಬಂತು, ಈಗ ಬಹಳ ಮನೆಗಳಲ್ಲಿ ಕರೆಂಟು ಬಂದಿದೆ.

ನಾನು ಕೆಲವು ವರ್ಷ ಸಿಂಗಪುರದಲ್ಲಿದ್ದೆ. ಅಲ್ಲಿ ಚೀನೀ ಹೊಸವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸೇರಿ ಸ್ಟೀಮ್‌ಬೋಟ್ ಸುತ್ತ ಕೂರುವುದು ಬಹಳ ಮನೆಗಳಲ್ಲಿ ರೂಢಿ. ಪಕ್ಕದ ಮನೆಯವರು ಕರೆದರು, ಹೋದೆವು, ಅಲ್ಲಿಂದ ಹಿಡಿಯಿತು ಈ ಹುಚ್ಚು. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಟ್ಟಿಲ್ಲ. ಈವರೆಗೆ ಮೂರು ಥರದ ಪಾತ್ರೆ ಬಳಸಿದ್ದೇನೆ, ಒಂದನ್ನು ಸುಟ್ಟಿದ್ದೇನೆ. ಆ ಸುಟ್ಟಿದ್ದರ ಕತೆಯಿಂದಲೇ ಶುರು ಮಾಡುತ್ತೇನೆ.

ಪಾತ್ರೆ ಆಮೇಲೆ, ಮೊದಲು ಗೋಡೆ ನೋಡಿ

ನನ್ನ ಭಾವಮೈದುನ ಒಸಾಕಾದಿಂದ ಬರುವಾಗ ಒಂದು ಚೆಂದದ ಪಾತ್ರೆ ತಂದುಕೊಟ್ಟ. ಶಾಬು-ಶಾಬು ಎಂಬ ಜಪಾನೀ ಹಾಟ್ ಪಾಟಿನ ಹೆಸರು ಹುಟ್ಟಿದ್ದೇ ಆ ಊರಲ್ಲಿ. 1952ರಲ್ಲಿ ಸುಎಹಿರೊ ಎಂಬ ಹೋಟೆಲು ಆ ಹೆಸರಿಟ್ಟಿತು, ಸಾರಿನಲ್ಲಿ ಮಾಂಸವನ್ನು ಅತ್ತಿತ್ತ ಜಾಲಾಡಿಸುವ ಸದ್ದು ಅದು. ಅಂಥ ಊರಿನ ಪಾತ್ರೆ ಎಂದು ನನಗೂ ಹೆಮ್ಮೆ. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದೆ. ‘ಟಪ್’ ಎಂದಿತು, ಅಷ್ಟೇ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಬಿಸಿ ಮಾಡುವ ಸುರುಳಿಗೆ 2.3 ಪಟ್ಟು ವೋಲ್ಟೇಜ್ ಕೊಟ್ಟರೆ ಅದು ಎಳೆಯುವ ವಿದ್ಯುತ್ತು 2.3 ಪಟ್ಟಲ್ಲ, ಐದು ಪಟ್ಟಿಗೂ ಜಾಸ್ತಿ. 1300 ವ್ಯಾಟಿನ ಪಾತ್ರೆ ಒಂದು ಕ್ಷಣ ಏಳು ಸಾವಿರ ವ್ಯಾಟಿನ ಹತ್ತಿರ ಹೋಗಿ ಪ್ರಾಣ ಬಿಟ್ಟಿತು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಇದು ಶಾಲೆಯಲ್ಲಿ ಓದಿದ್ದೇ, ಆದರೆ ಉಡುಗೊರೆಯ ಖುಷಿಯಲ್ಲಿ ಯಾರಿಗೆ ನೆನಪಿರುತ್ತದೆ!

ಹಾಗಾಗಿ ಹೊರದೇಶದಿಂದ ತರಿಸುವವರಿಗೆ ಮೊದಲ ಮಾತು. ಜಪಾನ್ 100 ವೋಲ್ಟ್, ತೈವಾನ್ 110, ಅಮೆರಿಕ 120. ಅಲ್ಲಿಂದ ಇಲ್ಲಿಗೆ ಬೇಡ. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ ನಿಜ, ಆದರೆ ಇಷ್ಟು ವ್ಯಾಟು ಹೊರುವಂಥದ್ದು ಕಲ್ಲಿನ ಹಾಗೆ ಭಾರ, ಬೆಲೆಯೂ ಕಡಿಮೆಯಿಲ್ಲ. ಚೀನಾ, ಸಿಂಗಪುರ, ಮಲೇಷ್ಯಾ, ದುಬೈ ಕಡೆಯದ್ದು 220ರಿಂದ 240ರ ಒಳಗೆ ಇರುತ್ತದೆ, ಪ್ಲಗ್ ಬದಲಿಸಿದರೆ ನಡೆಯುತ್ತದೆ. ಪಾತ್ರೆಯ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ವೋಲ್ಟ್ ಎಷ್ಟೆಂದು ಓದಿ. ಇದೇ ಲೆಕ್ಕ ತಿರುಗಿಯೂ ಅನ್ವಯಿಸುತ್ತದೆ. ಇಲ್ಲಿಂದ ಅಮೆರಿಕಕ್ಕೆ ಓದಲು ಹೋಗುವ ಮಗನಿಗೆ ಪುಟ್ಟ ಕೆಟಲ್ ಕಟ್ಟಿಕೊಟ್ಟರೆ ಅಲ್ಲಿ ಅದು ಸುಡುವುದಿಲ್ಲ, ಆದರೆ ಕಾಲು ಭಾಗದಷ್ಟೇ ಬಿಸಿ ಕೊಡುತ್ತದೆ. ನೀರು ಕುದಿಯುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.

ಎರಡನೆಯದು ಊಟದ ಮೇಜಿನ ಹತ್ತಿರದ ಪ್ಲಗ್ ಪಾಯಿಂಟ್. ನಮ್ಮ ಮನೆಗಳಲ್ಲಿ ಎರಡು ಗಾತ್ರದ್ದು ಇರುತ್ತವೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕದು 6 ಆಂಪಿಯರ್. ಗೀಸರ್, ಮೈಕ್ರೋವೇವ್ ಹಾಕುವ ದಪ್ಪ ಪಿನ್ನಿನದು 16 ಆಂಪಿಯರ್. ಚಿಕ್ಕದು ತಾಳುವುದು 230 ಗುಣಿಸು 6, ಅಂದರೆ 1380 ವ್ಯಾಟ್. ನಾಲ್ಕು ಜನರಿಗಾಗುವ ಹಾಟ್ ಪಾಟುಗಳು ಸಾಮಾನ್ಯವಾಗಿ 1300ರಿಂದ 1600 ವ್ಯಾಟ್ ಇರುತ್ತವೆ. ತೊಂದರೆ ಏನೆಂದರೆ ದಪ್ಪ ಪಾಯಿಂಟು ಇರುವುದು ಅಡುಗೆಮನೆಯಲ್ಲಿ, ಬಚ್ಚಲಲ್ಲಿ. ಊಟದ ಮೇಜಿನ ಹತ್ತಿರ ಇರುವುದು ಬಹುತೇಕ ಚಿಕ್ಕದು. ಆಗ ಎಲ್ಲರೂ ಮಾಡುವುದು ಒಂದೇ: ಟಿವಿಯ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡು ಕಿತ್ತು ತಂದು ಅದಕ್ಕೆ ಚುಚ್ಚುವುದು. ನಾನೂ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೊದಲು ಅದು ಸಿಚುವಾನ್ ಮೆಣಸಿನದ್ದು ಅಂದುಕೊಂಡೆವು.

ಬೋರ್ಡು ಬೇಕೇ ಬೇಕೆಂದರೆ 16 ಆಂಪಿಯರಿನದ್ದು, ಒಳಗಿನ ತಂತಿ ಕನಿಷ್ಠ 1.5 ಚದರ ಮಿಲಿಮೀಟರ್ ದಪ್ಪದ್ದು ತನ್ನಿ. ವೈರು ಸುತ್ತಿಟ್ಟು ಬಳಸಬೇಡಿ, ಪೂರ್ತಿ ಬಿಚ್ಚಿ. ಜಮಖಾನೆಯ ಅಡಿಯಲ್ಲಿ ಹಾಯಿಸಬೇಡಿ. ಅದಕ್ಕಿಂತ ಒಳ್ಳೆಯದು, ಎಲೆಕ್ಟ್ರಿಷಿಯನ್ ಕರೆಸಿ ಮೇಜಿನ ಹತ್ತಿರ ಒಂದು 16 ಆಂಪಿಯರ್ ಪಾಯಿಂಟು ಹಾಕಿಸುವುದು. ಅದು ಆಗದಿದ್ದರೆ 1200 ವ್ಯಾಟಿನೊಳಗಿನ ಪಾತ್ರೆಗೇ ತೃಪ್ತಿಪಡಿ. ನಿಮ್ಮ ಆಯ್ಕೆಯ ಅರ್ಧ ಇಲ್ಲೇ ಮುಗಿಯಿತು.

ಅಂದ ಹಾಗೆ, ಕರೆಂಟು ಹೋದರೆ ಮನೆಯ ಯುಪಿಎಸ್ ಇದನ್ನು ಹೊರುವುದಿಲ್ಲ. ಫ್ಯಾನು, ಲೈಟು ಓಡಿಸುವ ಯುಪಿಎಸ್ಸಿಗೆ ಸಾವಿರಕ್ಕೂ ಹೆಚ್ಚಿನ ವ್ಯಾಟು ಹಾಕಿದರೆ ಕಿರ್ರೆಂದು ಕೂಗಿ ಮಲಗುತ್ತದೆ. ಮಳೆಗಾಲದ ಸಂಜೆ ಹಾಟ್ ಪಾಟಿಗೆ ಬಲು ಚೆಂದ, ಕರೆಂಟು ಹೋಗುವುದೂ ಆಗಲೇ.

ಲೀಟರ್ ನೋಡಿ ಮರುಳಾಗಬೇಡಿ

ಮಾರುವವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಲೀಟರ್. ‘5 ಲೀಟರ್, ಎಂಟು ಜನರಿಗೆ’. ಆ 5 ಲೀಟರ್ ಪಾತ್ರೆಯ ಬಾಯಿಯವರೆಗಿನ ಲೆಕ್ಕ. ಸಾರು ಕುದಿಯಬೇಕು, ಮೇಲೆ ಸೊಪ್ಪು, ಶಾವಿಗೆ ಬೀಳಬೇಕು. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಿದರೆ ಮೇಜಿನ ಮೇಲೆ ಹೊಳೆ ಹರಿಯುತ್ತದೆ. ಒಬ್ಬರಿಗೆ 1ರಿಂದ 1.5 ಲೀಟರ್, ಇಬ್ಬರು-ಮೂವರಿಗೆ 2.5, ನಾಲ್ಕೈದು ಜನಕ್ಕೆ 4 ಲೀಟರ್ ಇದ್ದರೆ ಸಾಕು. ಅದಕ್ಕೂ ಹೆಚ್ಚು ಮಂದಿ ಇದ್ದರೆ ಇನ್ನೊಂದು ಪಾತ್ರೆ ಇಡಿ. ದೊಡ್ಡ ಪಾತ್ರೆಯಾದರೆ ಮೂಲೆಯಲ್ಲಿ ಕೂತವರ ಕೈ ಹೇಗೂ ಎಟುಕುವುದಿಲ್ಲ.

ನೋಡಬೇಕಾದದ್ದು ಲೀಟರಿಗೆ ಎಷ್ಟು ವ್ಯಾಟ್ ಬಿತ್ತು ಎಂದು. ಯಾಕೆ ಅಂತ ಲೆಕ್ಕ ಮಾಡಿಯೇ ತೋರಿಸುತ್ತೇನೆ. ಎರಡು ಲೀಟರ್ ಸಾರು ತಕಪಕ ಕುದಿಯುತ್ತಿದೆ ಅಂದುಕೊಳ್ಳಿ. ಅದಕ್ಕೆ ಫ್ರಿಜ್ಜಿನಿಂದ ತೆಗೆದ ಅರ್ಧ ಕಿಲೋ ಸೊಪ್ಪು, ಅಣಬೆ, ತೋಫು ಒಟ್ಟಿಗೆ ಹಾಕಿದಿರಿ. ಸಾರಿನ ಬಿಸಿ 100 ಡಿಗ್ರಿಯಿಂದ ಸುಮಾರು 80ಕ್ಕೆ ಇಳಿಯುತ್ತದೆ. ಮತ್ತೆ ಕುದಿ ಬರಲು 1400 ವ್ಯಾಟಿನ ಪಾತ್ರೆಗೆ ಎರಡೂವರೆ ನಿಮಿಷ ಬೇಕು. 600 ವ್ಯಾಟಿನದಕ್ಕೆ ಐದೂವರೆ ನಿಮಿಷ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಊಟದ ನಡುವೆ ಹತ್ತು ಸಲ ಹೀಗೆ ಹಾಕುತ್ತೀರಿ. ಎರಡೂವರೆ ನಿಮಿಷದಲ್ಲಿ ಮಾತು ಮುಂದುವರಿಯುತ್ತದೆ. ಐದೂವರೆ ನಿಮಿಷದಲ್ಲಿ ಮಕ್ಕಳು ಎದ್ದುಹೋಗುತ್ತಾರೆ, ಸೊಪ್ಪು ಬೇಯುವ ಬದಲು ನೆನೆಯುತ್ತದೆ. ಫ್ರೀಜರಿನಿಂದ ತೆಗೆದ ಗಟ್ಟಿ ಮೀನುಂಡೆ ಹಾಕಿದರಂತೂ ಕೇಳಲೇಬೇಡಿ, ಮಂಜು ಕರಗಲು ಬೇರೆಯೇ ಶಾಖ ತಿನ್ನುತ್ತದೆ.

ನನ್ನ ಅಳತೆ ಇದು: ನೀವು ನಿಜವಾಗಿ ಸುರಿಯುವ ಸಾರಿನ ಲೀಟರ್ ಒಂದಕ್ಕೆ 500 ವ್ಯಾಟ್ ಇರಲಿ. 700 ಇದ್ದರೆ ಸೊಗಸು. 300ಕ್ಕೆ ಇಳಿದರೆ ಅದು ಸಾರು ಬಿಸಿಯಾಗಿಡುವ ಪಾತ್ರೆಯೇ ಹೊರತು ಅಡುಗೆಯ ಪಾತ್ರೆಯಲ್ಲ. ವೋಲ್ಟೇಜ್ ಇಳಿಯುವ ಊರುಗಳಲ್ಲಿ ಇನ್ನೊಂದು ಸೋಡಿ ಬಿಡಬೇಕು. 230 ಇರಬೇಕಾದ ಕಡೆ 200 ಬಂದರೆ 1400 ವ್ಯಾಟಿನ ಪಾತ್ರೆ ಕೊಡುವುದು ಸುಮಾರು 1060 ವ್ಯಾಟ್ ಅಷ್ಟೇ.

ಮೊದಲ ಕುದಿಗೆ ಮಾತ್ರ ಪಾತ್ರೆಯನ್ನು ನಂಬಿ ಕೂರಬೇಡಿ. ಎರಡು ಲೀಟರ್ ತಣ್ಣೀರು 600 ವ್ಯಾಟಿನಲ್ಲಿ ಕುದಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಅಡುಗೆಮನೆಯ ಗ್ಯಾಸಿನ ಮೇಲೆ ಸಾರು ಕುದಿಸಿ ತಂದು ಸುರಿಯಿರಿ. ಹಾಗೆ ಮಾಡಿದರೆ ಕಡಿಮೆ ವ್ಯಾಟಿನ ಪಾತ್ರೆಯೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಫ್ಲಾಸ್ಕಿನಲ್ಲಿ ಬಿಸಿ ಸಾರು ಇಟ್ಟುಕೊಂಡರೆ ಆವಿಯಾಗಿ ಕಡಿಮೆಯಾದಾಗ ತುಂಬಲು ಆಯಿತು. ತಣ್ಣೀರು ಸುರಿದು ಎಲ್ಲರ ಊಟ ನಿಲ್ಲಿಸುವ ಅತಿಥಿ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಕರೆಂಟು ಬಿಲ್ಲಿನ ಭಯ ಬೇಡ. 1400 ವ್ಯಾಟ್ ಒಂದು ಗಂಟೆ ಬಿಡದೆ ಉರಿದರೂ 1.4 ಯೂನಿಟ್. ಕುದಿ ಬಂದ ಮೇಲೆ ಉರಿ ತಗ್ಗಿಸುವುದರಿಂದ ನಿಜದಲ್ಲಿ ಅಷ್ಟೂ ಆಗುವುದಿಲ್ಲ.

ಒಂದೇ ಮೈಯದ್ದೋ, ಕಳಚಿ ತೊಳೆಯುವುದೋ

ಅಂಗಡಿಯಲ್ಲಿ ಯಾರೂ ತೊಳೆಯುವುದರ ಬಗ್ಗೆ ಯೋಚಿಸುವುದಿಲ್ಲ. ಮನೆಗೆ ಬಂದ ಮೇಲೆ ಅದೊಂದೇ ಯೋಚನೆ.

ಅಗ್ಗದ ಪಾತ್ರೆಗಳಲ್ಲಿ ಪಾತ್ರೆ, ಅಡಿಯ ಸುರುಳಿ, ಸ್ವಿಚ್ಚು ಎಲ್ಲ ಒಂದೇ ಮೈ. ಹಾಸ್ಟೆಲು, ಪಿಜಿಯ ಹುಡುಗರು ಮ್ಯಾಗಿ ಮಾಡಿಕೊಳ್ಳುವ 1.2, 1.5 ಲೀಟರಿನ ಮಲ್ಟಿ ಕೆಟಲ್ಲುಗಳು ಈ ಜಾತಿ. ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತವೆ, ಬಹುತೇಕ 600 ವ್ಯಾಟ್. ಒಬ್ಬರಿಗೆ, ಇಬ್ಬರಿಗೆ ಒಳ್ಳೆಯದೇ. ಆದರೆ ನೀರಲ್ಲಿ ಮುಳುಗಿಸುವಂತಿಲ್ಲ. ಸಿಂಕಿನ ಮೇಲೆ ಮಗುವಿನ ಹಾಗೆ ಅಡ್ಡ ಹಿಡಿದು, ಸ್ವಿಚ್ಚಿಗೆ ನೀರು ತಾಗದಂತೆ ಒಂದು ಕೈಯಲ್ಲಿ ತೊಳೆಯಬೇಕು. ಒಂದೂವರೆ ಲೀಟರಿನದಾದರೆ ಸರಿ. ನನ್ನ ಸಿಂಗಪುರದ ಪಾತ್ರೆ ನಾಲ್ಕು ಲೀಟರಿನ ಒಂದೇ ಮೈಯದ್ದು. ಕೆಂಪು ಎಣ್ಣೆಯ ಸಾರು ಮಾಡಿದ ರಾತ್ರಿ ಅದನ್ನು ತೊಳೆಯುವವರು ಯಾರು ಎಂಬುದು ನಮ್ಮ ಮನೆಯ ಖಾಯಂ ಜಗಳ.

ಕಳಚುವ ಜಾತಿಯಲ್ಲಿ ಅಡಿಯಲ್ಲಿ ಬಿಸಿಯಾಗುವ ತಟ್ಟೆ, ಮೇಲೆ ಎತ್ತಿಡಬಹುದಾದ ಪಾತ್ರೆ. ಜಪಾನಿನ ಜೊಜಿರುಶಿಯಂಥ ಕಂಪನಿಗಳ ಮೇಜಿನ ಪಾತ್ರೆಗಳು ಹೀಗಿರುತ್ತವೆ. ಬೆಲೆ ಜಾಸ್ತಿ. ಆದರೆ ಸಿಂಕಿನಲ್ಲಿ ಮಾಮೂಲಿ ಪಾತ್ರೆಯ ಹಾಗೆ ಉಜ್ಜಬಹುದು, ಸಾರು ಉಳಿದರೆ ಗ್ಯಾಸಿನ ಹತ್ತಿರ ಒಯ್ದು ಬೇರೆ ಪಾತ್ರೆಗೆ ಸಲೀಸಾಗಿ ಬಗ್ಗಿಸಬಹುದು. ಮೂರು ಲೀಟರ್ ಮೀರಿದರೆ ಕಳಚುವುದೇ ತೆಗೆದುಕೊಳ್ಳಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಒಳಗಿನ ಲೇಪ. ಅಂಟದ ಕಪ್ಪು ಲೇಪ ಸಾರಿನ ಅಡುಗೆಗೆ ಅಪಾಯವಲ್ಲ. ಅದು ಕೆಡಲು ಶುರುವಾಗುವುದು 260 ಡಿಗ್ರಿ ದಾಟಿದರೆ, ಸಾರು ಇರುವವರೆಗೆ ಬಿಸಿ ಅಲ್ಲಿಗೆ ಹೋಗುವುದೇ ಇಲ್ಲ. ಹೆದರಬೇಕಾದದ್ದು ಪಾತ್ರೆ ಒಣಗಿ ಉರಿದಾಗ. ಹಾಗಾಗಿ ನೀರಾರಿದರೆ ತಾನೇ ಆಫ್ ಆಗುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಸೆರಾಮಿಕ್ ಲೇಪ ನೋಡಲು ಚೆಂದ, ಆದರೆ ನುಣುಪು ಬೇಗ ಹೋಗುತ್ತದೆ. ಎರಡಕ್ಕೂ ಸ್ಟೀಲ್ ಸೌಟು ಶತ್ರು, ಮರದ್ದು ಅಥವಾ ಸಿಲಿಕಾನಿನದ್ದು ಬಳಸಿ. ಬರಿಯ ಸ್ಟೀಲು ಹೆಚ್ಚು ಬಾಳುತ್ತದೆ, ಆದರೆ ಶಾವಿಗೆ ತಳ ಹಿಡಿಯುತ್ತದೆ. ಲೇಪವಿಲ್ಲದ ಅಲ್ಯೂಮಿನಿಯಂ ಬೇಡ. ನಮ್ಮ ಕೈ ಸುಮ್ನೆ ಇರುವುದಿಲ್ಲ, ಇವತ್ತಲ್ಲ ನಾಳೆ ಅದರಲ್ಲಿ ಹುಣಸೆ ಹಿಂಡಿದ ಸಾರು ಮಾಡುತ್ತೇವೆ, ಹುಳಿಗೆ ಅದು ಆಗಿಬರುವುದಿಲ್ಲ.

ನಡುವೆ ಗೋಡೆ ಇರುವ ಪಾತ್ರೆ

ಪಾತ್ರೆಯ ನಡುವೆ ಬಳುಕುವ ಗೋಡೆ, ಒಂದು ಕಡೆ ಕೆಂಪು ಖಾರದ ಸಾರು, ಇನ್ನೊಂದು ಕಡೆ ಬಿಳಿ ತಿಳಿಸಾರು. ಚೀನಾದಲ್ಲಿ ಇದಕ್ಕೆ ಯುವಾನ್‌ಯಾಂಗ್ ಪಾತ್ರೆ ಎನ್ನುತ್ತಾರೆ. ಯುವಾನ್‌ಯಾಂಗ್ ಎಂದರೆ ಎಂದೂ ಅಗಲದ ಬಾತುಕೋಳಿ ಜೋಡಿ, ಅಲ್ಲಿ ದಾಂಪತ್ಯದ ಗುರುತು. ನನಗೋ ಆ ಗೋಡೆ ನೋಡಿದಾಗ ರಾತ್ರಿಯಾದರೆ ಆಚೆ ದಡ ಈಚೆ ದಡ ಸೇರುವ ನಮ್ಮ ಚಕ್ರವಾಕಗಳೇ ನೆನಪಾಗುತ್ತವೆ.

ನಮ್ಮ ಮನೆಗಳಲ್ಲಿ ಇದನ್ನು ಕೊಳ್ಳಲು ಹೊರಡುವುದು ಖಾರಕ್ಕಲ್ಲ. ‘ಒಂದು ಕಡೆ ವೆಜ್ಜು, ಒಂದು ಕಡೆ ನಾನ್‌ವೆಜ್ಜು, ಒಂದೇ ಪಾತ್ರೆಯಲ್ಲಿ ಆಗಿಹೋಗುತ್ತೆ, ಅಲ್ವಾ?’ ಇದನ್ನು ನನಗೆ ಎಷ್ಟು ಜನ ಕೇಳಿದ್ದಾರೋ. ಆಗುವುದಿಲ್ಲ. ಗೋಡೆ ಪಾತ್ರೆಯ ಬಾಯಿಯ ಮಟ್ಟಕ್ಕೇ ಇರುತ್ತದೆ, ಕೆಲವದರಲ್ಲಿ ಅದಕ್ಕಿಂತ ಕೆಳಗೆ. ಎರಡೂ ಕಡೆ ಜೋರಾಗಿ ಕುದಿಯುವಾಗ ಹನಿ ಹಾರುತ್ತದೆ. ಮುಚ್ಚಳ ಒಂದೇ, ಒಳಗೆ ಕಟ್ಟಿದ ಆವಿ ಎರಡೂ ಕಡೆ ತೊಟ್ಟಿಕ್ಕುತ್ತದೆ. ಕೋಳಿ ಮುಟ್ಟಿದ ಜಾಲರಿ ಸೌಟು ಮಾತಿನ ಭರದಲ್ಲಿ ಆಚೆಗೆ ಹೋಗುತ್ತದೆ. ರುಚಿ ಬೇರೆಯಿರಲಿ ಎನ್ನುವವರಿಗೆ ಇದು ಸಾಕು. ಮಡಿಯಿಂದಲೋ, ವ್ರತದಿಂದಲೋ, ಮನಸ್ಸಿನಿಂದಲೋ ಮಾಂಸ ಮುಟ್ಟದವರನ್ನು ಈ ಪಾತ್ರೆಯ ಎದುರು ಕೂರಿಸುವುದು ಸರಿಯಲ್ಲ. ಅತ್ತೆಯವರು ಏನೂ ಹೇಳದೆ ಅನ್ನ ಮೊಸರು ಕಲಸಿಕೊಂಡರೆ ಅರ್ಥ ಮಾಡಿಕೊಳ್ಳಿ.

ಇದಕ್ಕೆ ದಾರಿ ತೈವಾನಿನಲ್ಲಿದೆ. ಅಲ್ಲಿನ ಬಹಳ ಅಂಗಡಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತ್ರೆ. ಪಕ್ಕದವರು ಏನು ಬೇಯಿಸಿದರೂ ನಿಮ್ಮ ಸಾರು ನಿಮ್ಮದೇ. ಮನೆಯಲ್ಲಿ ಅದನ್ನೇ ಮಾಡಬಹುದು. ನಾಲ್ಕು ಲೀಟರಿನ ಗೋಡೆ ಪಾತ್ರೆ ಒಂದರ ಬದಲು 1.5 ಲೀಟರಿನ ಎರಡು ಕೆಟಲ್. ಎರಡೂ ಸೇರಿ 1200 ವ್ಯಾಟ್, ಅಂದರೆ 5.2 ಆಂಪಿಯರ್. ಚಿಕ್ಕ ಪಾಯಿಂಟು ತಾಳುವ ಲೆಕ್ಕದೊಳಗೇ ಬಂತು. ಆದರೂ ಬೇರೆ ಬೇರೆ ಪಾಯಿಂಟಿಗೆ ಹಾಕುವುದು ವಾಸಿ. ಬಣ್ಣ ಬೇರೆ ಬೇರೆಯದು ತನ್ನಿ, ಹಸಿರು ವೆಜ್ಜಿಗೆ ಎಂದು ಇಟ್ಟರೆ ಮುಂದಿನ ಸಲವೂ ಗೊಂದಲವಿಲ್ಲ.

ಗೋಡೆ ಪಾತ್ರೆಯೇ ಬೇಕು ಎನ್ನುವವರು ಎರಡು ವಿಷಯ ನೋಡಿ. ಒಂದು, ಎರಡೂ ಬದಿಗೆ ಬೇರೆ ಬೇರೆ ಸ್ವಿಚ್ಚು ಇದೆಯೇ. ಒಂದೇ ಸ್ವಿಚ್ಚಿನದಾದರೆ ಕೆಂಪು ಸಾರು ಕುದಿಯುವಾಗ ಬಿಳಿ ಸಾರೂ ಕುದಿಯಲೇಬೇಕು. ಎರಡು, ಎರಡು ಸ್ವಿಚ್ಚಿನದಾದರೆ ಒಟ್ಟು ವ್ಯಾಟು ಹಂಚಿಹೋಗುತ್ತದೆ. 1600 ಎಂದು ಬರೆದಿದ್ದರೆ ಬದಿಗೆ 800. ಮೇಲಿನ ಲೀಟರಿನ ಲೆಕ್ಕವನ್ನು ಅರ್ಧಕ್ಕೇ ಹಾಕಿ ನೋಡಿ.

ಕೋಳಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹಸಿ ಮಾಂಸ ಹಾಕುವ ಚಾಪ್‌ಸ್ಟಿಕ್ ಕಡ್ಡಿ ಬೇರೆ, ತಿನ್ನುವ ಕಡ್ಡಿ ಬೇರೆ. ಕೋಳಿ ಹಾಕಿದ ಮೇಲೆ ಸಾರು ಮತ್ತೆ ಕುದಿ ಬಂದು ತುಂಡು ನಡುವಿನವರೆಗೂ ಬೇಯುವ ತನಕ ಯಾರೂ ಏನೂ ತೆಗೆಯಬಾರದು. ಕಡಿಮೆ ವ್ಯಾಟಿನ ಪಾತ್ರೆಯಲ್ಲಿ ಈ ಕಾಯುವಿಕೆ ಉದ್ದವಾಗುತ್ತದೆ, ಹಸಿವಾದವರು ಕಾಯುವುದಿಲ್ಲ. ಅಂಥ ಪಾತ್ರೆಗೆ ಕೋಳಿಯನ್ನು ಒಳಗೇ ಬೇಯಿಸಿ ತಂದು ಹಾಕಿ.

ಮನೆಯಲ್ಲಿರುವ ಇಂಡಕ್ಷನ್ ಒಲೆ

ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಮುಗಿದ ದಿನಕ್ಕೆ ಎಂದು ಒಂದು ಇಂಡಕ್ಷನ್ ಒಲೆ ಇರುತ್ತದೆ. ಅದರ ಮೇಲೆ ಅಗಲದ ಸ್ಟೀಲ್ ಪಾತ್ರೆ ಇಟ್ಟರೆ ಹಾಟ್ ಪಾಟ್ ಆಯಿತು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಾತ್ರೆ ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದರೆ ನಡೆಯುತ್ತದೆ. ಹಿತ್ತಾಳೆ, ಕಂಚು, ಮಣ್ಣು, ಬರಿ ಅಲ್ಯೂಮಿನಿಯಂ ನಡೆಯುವುದಿಲ್ಲ. ಅಜ್ಜಿಯ ಕಂಚಿನ ಪಾತ್ರೆಯಲ್ಲಿ ಮಾಡುವ ಆಸೆ ನನಗೂ ಇತ್ತು, ಕೈಬಿಟ್ಟೆ.

ಒಳ್ಳೆಯದು ಏನು? ಶಾಖ ನೇರ ಪಾತ್ರೆಗೆ ಹೋಗುತ್ತದೆ, ವ್ಯಾಟು ಜಾಸ್ತಿ, ಪಾತ್ರೆ ಪೂರ್ತಿ ತೊಳೆಯಬಹುದು, ಒಲೆಯನ್ನು ಒರೆಸಿದರೆ ಸಾಕು. ನಡುವೆ ಗೋಡೆ ಇರುವ ಸ್ಟೀಲ್ ಪಾತ್ರೆಯೂ ಬಿಡಿಯಾಗಿ ಸಿಗುತ್ತದೆ, ಒಲೆ ಇದ್ದವರಿಗೆ ಅದು ಅಗ್ಗದ ದಾರಿ.

ಕಿರಿಕಿರಿ ಮೂರು. ಒಂದು, ಅಗ್ಗದ ಒಲೆಗಳಲ್ಲಿ ಸಣ್ಣ ಉರಿ ಅಂದರೆ ನಿಜಕ್ಕೂ ಸಣ್ಣ ಉರಿಯಲ್ಲ. ಕೆಲವು ಸೆಕೆಂಡು ಪೂರ್ತಿ ಉರಿ, ಕೆಲವು ಸೆಕೆಂಡು ಬಂದ್. ಸಾರು ಉಕ್ಕುತ್ತದೆ, ಸುಮ್ಮನಾಗುತ್ತದೆ, ಮತ್ತೆ ಉಕ್ಕುತ್ತದೆ. ಎರಡು, ಒಳಗಿನ ಸುರುಳಿ ಚಿಕ್ಕದು. 30 ಸೆಂಟಿಮೀಟರ್ ಅಗಲದ ಪಾತ್ರೆ ಇಟ್ಟರೆ ನಡುವೆ ಮಾತ್ರ ಕುದಿ, ಅಂಚು ಶಾಂತ. ಇದನ್ನು ನಾನು ದೂರುವುದಿಲ್ಲ, ಬೆಂದದ್ದನ್ನು ಅಂಚಿಗೆ ತಳ್ಳಿ ಇಟ್ಟುಕೊಳ್ಳಲು ಅನುಕೂಲ. ಮೂರು, ಫ್ಯಾನಿನ ಸದ್ದು. ಊಟದ ಉದ್ದಕ್ಕೂ ಗುಂಯ್ ಎನ್ನುತ್ತಿರುತ್ತದೆ. ಇದರ ಜೊತೆಗೆ ಎತ್ತರವೂ ಒಂದು ಲೆಕ್ಕ: ಒಲೆ, ಅದರ ಮೇಲೆ ಆಳದ ಪಾತ್ರೆ ಎಂದರೆ ಕೂತವರಿಗೆ ಒಳಗೇನಿದೆ ಕಾಣುವುದಿಲ್ಲ. ಏಳೆಂಟು ಸೆಂಟಿಮೀಟರ್ ಆಳದ, ಅಗಲ ಬಾಯಿಯ ಪಾತ್ರೆಯೇ ಹಿಡಿಸುತ್ತದೆ. ಹೆಚ್ಚಿನ ಒಲೆಗಳಿಗೆ ದಪ್ಪ ಪಿನ್ನು ಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ, ಮತ್ತೆ ಗೋಡೆಯ ಪಾಯಿಂಟಿನ ಮಾತಿಗೇ ಬಂದೆವು.

ರೈಸ್ ಕುಕ್ಕರಿನಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. ನೀರು ಇರುವವರೆಗೆ ಅದು ಕುದಿಯುತ್ತಲೇ ಇರುತ್ತದೆ, ಹಾಗಾಗಿ ಆಗುತ್ತದೆ. ಬಾವಿಯಲ್ಲಿ ಕೊಡ ಹುಡುಕುವ ಹಾಗೆ ತೋಫು ಹುಡುಕಬೇಕು, ಅಷ್ಟೇ.

ಗ್ರಿಲ್ ಸೇರಿದ್ದು, ಗ್ಯಾಸಿನದ್ದು

ಒಂದು ಬದಿ ಸಾರು, ಇನ್ನೊಂದು ಬದಿ ಮಾಂಸ ಸುಡುವ ತಟ್ಟೆ ಇರುವ ಜೋಡಿ ಪಾತ್ರೆಗಳು ಚಿತ್ರದಲ್ಲಿ ಬಹಳ ಚೆಂದ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಮೇಜಿನ ಮುಕ್ಕಾಲು ಜಾಗ ತಿನ್ನುತ್ತದೆ, ಎಣ್ಣೆ ಸಿಡಿಯುತ್ತದೆ, ಹೊಗೆ ಬರುತ್ತದೆ, ಚಿಮಣಿ ಇರುವುದು ಅಡುಗೆಮನೆಯಲ್ಲಿ. ಎರಡೂ ಬದಿ ಹಾಕಿದರೆ 2000 ವ್ಯಾಟ್ ದಾಟುವುದೂ ಇದೆ. ಸುಕಿಯಾಕಿ ಥರ ಮೊದಲು ತಳದಲ್ಲಿ ಹುರಿದು ಆಮೇಲೆ ಸಾರು ಸುರಿಯುವ ಅಡುಗೆ ಇಷ್ಟವಿದ್ದರೆ ಸಮತಟ್ಟು ತಳದ, ಅಂಟದ ಲೇಪದ ಪಾತ್ರೆ ಒಂದೇ ಸಾಕು.

ಜಪಾನಿನಲ್ಲಿ ನಾಬೆಗೆ ಹಳೇ ಗೆಳೆಯ ಕ್ಯಾಸೆಟ್ ಗ್ಯಾಸ್ ಒಲೆ. ಇವಾತಾನಿ ಕಂಪನಿ ಇದನ್ನು ತಂದದ್ದು 1969ರಲ್ಲಿ. ಸ್ಪ್ರೇ ಡಬ್ಬದಂಥ 250 ಗ್ರಾಂ ಬ್ಯುಟೇನ್ ಡಬ್ಬ ಹಾಕಿದರೆ ಪೂರ್ತಿ ಉರಿಯಲ್ಲಿ ಸುಮಾರು ಒಂದು ಗಂಟೆ ಬರುತ್ತದೆ. ಉರಿ ಮಾತ್ರ ಅದ್ಭುತ, ಯಾವ ಕರೆಂಟು ಪಾತ್ರೆಯೂ ಸಮ ಬರುವುದಿಲ್ಲ, ಮಣ್ಣಿನ ಪಾತ್ರೆಯೂ ನಡೆಯುತ್ತದೆ. ಆದರೆ ಕಿಟಕಿ ತೆರೆದಿರಬೇಕು. ಒಲೆಗಿಂತ ಅಗಲದ ತಟ್ಟೆ ಇಟ್ಟು ಗ್ಯಾಸ್ ಡಬ್ಬದ ಮೇಲೆ ಬಿಸಿ ಕವಿಯುವಂತೆ ಮಾಡಿದರೆ ಡಬ್ಬ ಸಿಡಿಯಬಹುದು. ವಿಮಾನದಲ್ಲಿ ಡಬ್ಬ ತರುವಂತಿಲ್ಲ. ತೋಟದ ಮನೆ, ಮಾಳಿಗೆ, ಕರೆಂಟು ನಂಬಲಾಗದ ಊರು, ಇಂಥ ಕಡೆಗೆ ಸರಿ. ಓಡಾಡುವ ಮಕ್ಕಳಿರುವ ಫ್ಲ್ಯಾಟಿಗೆ ನಾನು ಹೇಳುವುದಿಲ್ಲ.

ಮಕ್ಕಳಿರುವ ಮನೆಯವರು ವೈರಿನ ಕಡೆ ಕಣ್ಣಿಡಿ. ಜಪಾನ್, ಚೀನಾದ ಕೆಲವು ಪಾತ್ರೆಗಳಲ್ಲಿ ವೈರು ಪಾತ್ರೆಗೆ ಮ್ಯಾಗ್ನೆಟ್ಟಿನಿಂದ ಅಂಟಿಕೊಂಡಿರುತ್ತದೆ. ಯಾರ ಕಾಲಿಗಾದರೂ ಸಿಕ್ಕರೆ ವೈರು ಕಳಚುತ್ತದೆ, ಕುದಿಯುವ ಸಾರು ಮಗುವಿನ ಮೇಲೆ ಬೀಳುವುದಿಲ್ಲ. ಇದೊಂದಕ್ಕೆ ಐನೂರು ಸಾವಿರ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ನಾನಾದರೆ

ಪಿಜಿಯಲ್ಲಿ ಒಬ್ಬರೇ ಇದ್ದೀರಾ? 1.5 ಲೀಟರಿನ 600 ವ್ಯಾಟ್ ಕೆಟಲ್, ಎರಡು ಉರಿ ಹಂತ ಇರುವಂಥದ್ದು. ಅದಕ್ಕೂ ಮೊದಲು ಪಿಜಿಯವರು ಬಿಡುತ್ತಾರಾ ಕೇಳಿ, ಬಹಳ ಕಡೆ ಬಿಡುವುದಿಲ್ಲ. ಗಂಡ ಹೆಂಡತಿ, ಒಂದು ಮಗು? ಇಂಡಕ್ಷನ್ ಇದ್ದರೆ ಅದರಲ್ಲೇ ನಾಲ್ಕು ಸಲ ಮಾಡಿ. ನಾಲ್ಕನೇ ಸಲವೂ ಹುಮ್ಮಸ್ಸು ಉಳಿದಿದ್ದರೆ 2.5 ಲೀಟರಿನ, 1200–1300 ವ್ಯಾಟಿನ ಕಳಚುವ ಪಾತ್ರೆ ತನ್ನಿ. ನಾಲ್ಕೈದು ಜನ, ಎಲ್ಲರೂ ಎಲ್ಲ ತಿನ್ನುವವರು, ಮೇಜಿನ ಹತ್ತಿರ ದಪ್ಪ ಪಾಯಿಂಟು ಇದೆ ಎಂದಾದರೆ 4 ಲೀಟರ್, 1500 ವ್ಯಾಟ್, ಕಳಚುವುದು. ತಿನ್ನುವವರು ತಿನ್ನದವರು ಬೆರೆತ ಮನೆ? ಎರಡು ಚಿಕ್ಕವು, ಚರ್ಚೆಯೇ ಇಲ್ಲ. ನಮ್ಮ ಮನೆಯಲ್ಲಿ ಈಗ ಇರುವುದೂ ಅದೇ. ಸಿಂಗಪುರದ ದೊಡ್ಡ ಪಾತ್ರೆ ಅಟ್ಟ ಸೇರಿದೆ, ವರ್ಷಕ್ಕೊಮ್ಮೆ ಇಳಿಯುತ್ತದೆ.

ಯಾವುದನ್ನೇ ತಂದರೂ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ವಾಪಸ್ ಕೊಡುವ ಗಡುವು ಮುಗಿಯುವ ತನಕ ಪೆಟ್ಟಿಗೆ ಹರಿಯಬೇಡಿ. ಎರಡು ಲೀಟರ್ ನೀರು ಅಳೆದು ಸುರಿದು ಮುಚ್ಚಳ ಹಾಕಿ ಗಡಿಯಾರ ನೋಡಿ. 1400 ವ್ಯಾಟ್ ಎಂದು ಬರೆದ ಪಾತ್ರೆ ಎಂಟು ಹತ್ತು ನಿಮಿಷದಲ್ಲಿ ಕುದಿಸಬೇಕು. ಹದಿನೈದು ಮೀರಿದರೆ, ನಿಮ್ಮ ಮನೆಯ ವೋಲ್ಟೇಜ್ ಸರಿಯಿದ್ದರೆ, ಆ ಅಂಕಿ ಸುಳ್ಳು. ಆಮೇಲೆ ಇಪ್ಪತ್ತು ನಿಮಿಷ ಕುದಿಯಲು ಬಿಟ್ಟು, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪ್ಲಾಸ್ಟಿಕ್ ಭಾಗವನ್ನು ಬೆರಳಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಪಾಯಿಂಟು ಸಡಿಲವಾಗಿದೆ ಅಥವಾ ಪ್ಲಗ್ ಕಳಪೆ. ಬೇರೆ ಪಾಯಿಂಟಿಗೆ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ನೀರು ಚೆಲ್ಲಿ, ಒರೆಸಿ, ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.